ಬೆನ್ನ ಹಿಂದಿನ ಕೈ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಸೊನ್ನೆಯಕ್ಕ ಎನ್ನುತ್ತಿದ್ದರು. ಕಂಪ್ಯೂಟರ್ ಆಟಗಳ ಪಾತ್ರಗಳಿಗೆ ಶಕ್ತಿಗಳನ್ನು ಹೆಣೆಯುವುದು ಅವಳ ಕೆಲಸ. ಅದರಲ್ಲೂ ಗುಂಡಿ ಒತ್ತದೆ ತಾವಾಗಿಯೇ ನಡೆಯುವ ಶಕ್ತಿಗಳನ್ನು. ಕತ್ತಿ ಬೀಸಲು ಗುಂಡಿ ಬೇಕು, ಜಿಗಿಯಲು ಗುಂಡಿ ಬೇಕು. ಇವಕ್ಕೆ ಏನೂ ಬೇಡ. ಪಾತ್ರದೊಳಗೆ ಉಸಿರಿನಂತೆ ಇದ್ದುಬಿಡುತ್ತವೆ.

"ಹೇಳದೆ ಕೇಳದೆ ಇಡೀ ದಿನ ದುಡಿಯೋದಾ? ಅದಕ್ಕೆ ಕಂಪ್ಯೂಟರ್ ಯಾಕಮ್ಮ, ನನ್ನನ್ನೇ ನೋಡ್ಕೊಂಡು ಬರಿ," ಎಂದು ಮನೆಯಲ್ಲಿ ಅತ್ತಿಗೆ ನಗುತ್ತಿದ್ದರು.

ಅವಳು ನಿಜಕ್ಕೂ ನೋಡಿಯೇ ಬರೆದಿದ್ದಳು. ಪಾರ್ಶ್ವವಾಯು ಬಡಿದ ಅಮ್ಮ ಮತ್ತೆ ನಡೆಯಲು ಕಲಿಯುತ್ತಿದ್ದಾಗ ಅತ್ತಿಗೆ ಎರಡು ಹೆಜ್ಜೆ ಹಿಂದಿರುತ್ತಿದ್ದರು. ಮುಟ್ಟುತ್ತಿರಲಿಲ್ಲ. ಕೋಣೆಯಿಂದ ಅಡುಗೆಮನೆಗೆ ಹದಿನಾರು ಹೆಜ್ಜೆ. ಅಮ್ಮ ಗೋಡೆ ಹಿಡಿಯದೆ ದಾಟುತ್ತಿದ್ದಳು. ಹೊಸ ಆಟದ ನಾಯಕಿಗೆ 'ಬೆನ್ನ ಹಿಂದಿನ ಕೈ' ಎಂಬ ಶಕ್ತಿ ಬಂದದ್ದು ಅಲ್ಲಿಂದ. ಗಾಯಗೊಂಡ ಜೊತೆಗಾರನ ಎರಡು ಹೆಜ್ಜೆ ಹಿಂದೆ ನಾಯಕಿ ಇದ್ದರೆ ಅವನು ಕುಸಿಯುವುದು ಎಂಟು ಸೆಕೆಂಡು ತಡವಾಗುತ್ತದೆ. ಆ ಎಂಟನ್ನು ಹದಕ್ಕೆ ತರಲು ಒಂದೂವರೆ ವರ್ಷ ಹಿಡಿಯಿತು. 'ಹೊಡೆತದ ಬಲ ನೂರಕ್ಕೆ ಐದು ಹೆಚ್ಚು' ಎಂಬಂಥವೆಲ್ಲ ಅವಳಿಗೆ ಬರೀ ಅಂಕಿ. ಆಡುವವರ ನಡೆಯೇ ಬದಲಾಗದಿದ್ದರೆ ಅದೆಂಥ ಶಕ್ತಿ?

ಅದಕ್ಕೇ ಅವಳದೊಂದು ಪರೀಕ್ಷೆ ಇತ್ತು. ಆಟವನ್ನು ಆಡಿ ತಪ್ಪು ಹುಡುಕುವವರಿಗೆ ತಿಳಿಸದೆ, ಒಂದು ಶಕ್ತಿಯ ಅಂಕಿಯನ್ನು ಸೊನ್ನೆ ಮಾಡಿಡುವುದು. ಮೂರು ದಿನದಲ್ಲಿ ಒಬ್ಬರಾದರೂ "ಏನೋ ಇಲ್ಲವಲ್ಲ" ಎಂದರೆ ಉಳಿಸುವುದು. ಇಲ್ಲವಾದರೆ ಮುಲಾಜಿಲ್ಲದೆ ಕಿತ್ತುಹಾಕುವುದು. ಸಹೋದ್ಯೋಗಿಗಳ ಎಷ್ಟೋ ಮುದ್ದಿನ ಕೂಸುಗಳು ಹಾಗೆ ಹೋಗಿದ್ದವು. ಅವಳಿಗೆ ಆ ಹೆಸರು ಬಿದ್ದದ್ದೂ ಹಾಗೆ.

ತನ್ನದಕ್ಕೂ ಸೊನ್ನೆ ಹಾಕಿದಳು. ಮೂರು ದಿನ ಕಳೆಯಿತು. ಯಾರೂ ಏನೂ ಕೇಳಲಿಲ್ಲ. ಕಿತ್ತುಹಾಕಲು ಅವಳಿಗೆ ಕೈ ಬರಲಿಲ್ಲ. ನಾಳೆ ನೋಡೋಣ ಎಂದುಕೊಳ್ಳುವಷ್ಟರಲ್ಲಿ ಅತ್ತಿಗೆಯ ಕರೆ ಬಂತು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದಿದ್ದಳು. ಮತ್ತೆ ಏಳಲಿಲ್ಲ.

ಎರಡು ವಾರದ ಮೇಲೆ ಅವಳು ಮರಳಿದಾಗ ಕಚೇರಿ ಆಟದ ಬಿಡುಗಡೆಯ ಗಡಿಬಿಡಿಯಲ್ಲಿತ್ತು. ಅವಳ ತಲೆ ನೆಟ್ಟಗಿರಲಿಲ್ಲ. ಸೊನ್ನೆ ಸೊನ್ನೆಯಾಗಿಯೇ ಹೊರಗೆ ಹೋಯಿತು.

ಅದು ತಿಳಿದದ್ದು ತಿಂಗಳಾದ ಮೇಲೆ. ಅಷ್ಟರಲ್ಲಿ ಆಡಿದವರ ಪತ್ರಗಳು ರಾಶಿ ಬಿದ್ದಿದ್ದವು. ಹೆಚ್ಚಿನವರು ಹೊಗಳಿದ್ದು ಬೆನ್ನ ಹಿಂದಿನ ಕೈಯನ್ನೇ. ಅದೊಂದಿಲ್ಲದಿದ್ದರೆ ಜೊತೆಗಾರ ಆಟದ ಆ ಸೇತುವೆ ದಾಟುತ್ತಲೇ ಇರಲಿಲ್ಲ ಎಂದು ಒಬ್ಬರು ಬರೆದಿದ್ದರು. ತುಂಬ ದಿನದ ಮೇಲೆ ಮನಸ್ಸು ಹಗುರಾಗಿ, ತನ್ನ ಎಂಟನ್ನು ಒಮ್ಮೆ ನೋಡೋಣವೆಂದು ಅವಳು ಫೈಲ್ ತೆರೆದಳು. ಅಲ್ಲಿ ಸೊನ್ನೆ ಕಂಡು ನೇರ ಮುಖ್ಯಸ್ಥರ ಬಳಿ ಹೋದಳು.

"ಸರ್, ಅದು ಕೆಲಸವೇ ಮಾಡ್ತಿಲ್ಲ. ಮರೆತುಬಿಟ್ಟಿದ್ದೆ. ಇವತ್ತೇ ಎಂಟು ಹಾಕ್ತೀನಿ."

ಮುಖ್ಯಸ್ಥರು ಚಹಾದ ಲೋಟ ಕೆಳಗಿಡಲಿಲ್ಲ. "ಯಾರಾದ್ರೂ ದೂರಿದ್ರಾ?"

"ಇಲ್ಲ."

"ಮತ್ತೆ ಸುಮ್ನೆ ಯಾಕೆ ಮೈಮೇಲೆ ಇರುವೆ ಬಿಟ್ಕೋತೀರಿ? ಆಟ ಸೊನ್ನೆಗೇ ಹದವಾಗಿ ಕೂತಿದೆ. ಎಂಟು ಹಾಕಿದ್ರೆ ಕೊನೇ ಕಾಳಗ ಬಾಳೆಹಣ್ಣು ಸುಲಿದ ಹಾಗಾಗುತ್ತೆ. ಆಟದಲ್ಲಿ ಆ ಶಕ್ತಿಯ ವಿವರಣೆನೂ ಇರಲಿ, ಒಳಗೆ ಸೊನ್ನೆನೂ ಇರಲಿ."

"ಅದು ಸುಳ್ಳಾಗುತ್ತೆ ಸರ್."

"ನಿಮ್ಮ ನಿಯಮದ ಪ್ರಕಾರ ಅದನ್ನ ಆವತ್ತೇ ಕಿತ್ತು ಹಾಕ್ಬೇಕಿತ್ತಲ್ವಾ ಸೊನ್ನೆಯಕ್ಕ?"

ಸಂಜೆ ಅತ್ತಿಗೆ ಹಾಸಿಗೆಯ ಮೇಲೆ ಒಣಗಿದ ಬಟ್ಟೆ ಹರಡಿಕೊಂಡು ಎಡಗೈಯಲ್ಲೇ ಮಡಚುತ್ತಿದ್ದರು. ಅವಳು ಎಲ್ಲವನ್ನೂ ಹೇಳಿದಳು. "ಆಡೋರು ಶಕ್ತಿ ಇದೆ ಅಂತ ನಂಬ್ಕೊಂಡು ಆ ಜೊತೆಗಾರನ ಹಿಂದೆನೇ ನಿಲ್ತಾರೆ ಅತ್ತಿಗೆ. ಬರೋ ಏಟನ್ನೆಲ್ಲ ತಾವೇ ತಿಂತಾರೆ. ಅವನು ಉಳಿಯೋದು ಅದಕ್ಕೆ. ನಾನು ಬರೆದದ್ದು ಏನೂ ಇಲ್ಲ ಅಲ್ಲಿ."

ಅತ್ತಿಗೆ ಒಂದು ದಿಂಬಿನ ಚೀಲ ಮಡಚಿ, ಮತ್ತೆ ಬಿಚ್ಚಿದರು.

"ಅತ್ತೆನೂ ನಂಬ್ಕೊಂಡೇ ನಡೆದದ್ದು," ಎಂದರು. "ನನ್ನ ಬಲಗೈ ಆಗಲೇ ಏಳ್ತಿರ್ಲಿಲ್ಲ, ಭುಜ ಹಿಡ್ಕೊಂಡಿತ್ತು. ಹಿಂದೆ ನಾನಿದೀನಲ್ಲ ಅಂತ ಅವರಿಗೆ ಧೈರ್ಯ. ಆವತ್ತು ವಾಲಿದ್ರು. ಹಿಡಿಯೋಕೆ ಹೋದೆ. ಕೈ ಮೇಲೆ ಬರ್ಲೇ ಇಲ್ಲ."

"ಯಾಕೆ ಮೊದಲೇ ಹೇಳ್ಲಿಲ್ಲ?"

"ಹೇಳಿದ್ರೆ ನಡೀತಿದ್ರಾ?"

ಅವಳು ಉಳಿದ ಬಟ್ಟೆಗಳನ್ನು ತನ್ನ ಕಡೆ ಎಳೆದುಕೊಂಡು ಮಡಚತೊಡಗಿದಳು.

ಮರುದಿನ ಇನ್ನೊಂದು ಪತ್ರ ಬಂದಿತ್ತು. ಮುಂದಿನ ಆಟದಲ್ಲೂ ಬೆನ್ನ ಹಿಂದಿನ ಕೈ ಇರುತ್ತದೆಯೇ ಎಂದು ಯಾರೋ ಒಬ್ಬಳು ಕೇಳಿದ್ದಳು. ಉತ್ತರ ಬರೆಯಲು ಕೂತವಳು ಮಧ್ಯಾಹ್ನದವರೆಗೂ ಕೂತೇ ಇದ್ದಳು. ಆಮೇಲೆ 'ಇರುತ್ತದೆ' ಎಂದಷ್ಟೇ ಬರೆದು ಕಳಿಸಿದಳು.