ವೀರಭದ್ರಪ್ಪ ಮಾವನ ಬಾಯಿ ಮತ್ತು ಶಿಲಾಯುಗದ ಅಂಟು

ಜಾಲಿ ಮರದ ಅಂಟನ್ನು ತುಪ್ಪದಲ್ಲಿ ಹುರಿಯುವ ವಾಸನೆ ಬಂದರೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ಬಹುಶಃ ಯಾರದೋ ಬಾಣಂತನ, ಲೋಬಾನದ ಹೊಗೆ, ಕೂಸಿನ ಅಳು. ನನಗೆ ಮಾತ್ರ ಒಬ್ಬ ಹಿರಿಯರ ಮುಚ್ಚಿದ ಬಾಯಿ ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಶಶಿಕಲಾ ಅಂಟಿನ ಉಂಡಿ ಕಟ್ಟಲು ಒಲೆಯ ಮುಂದೆ ನಿಂತಿದ್ದಳು. ನಾನು ಪೇಪರು ಮಡಚಿಟ್ಟೆ.

ಆಗ ನನಗೆ ಮದುವೆಯಾಗಿರಲಿಲ್ಲ. ಹೊಸಪೇಟೆಯ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಸೋದರತ್ತೆ ಗಂಗತ್ತೆಯ ಮನೆಯಲ್ಲಿದ್ದೆ. ಶಿಲಾಯುಗದ ಜನ ಕಲ್ಲಿನ ಅಲಗನ್ನು ಕಟ್ಟಿಗೆಯ ಹಿಡಿಗೆ ಯಾವ ಅಂಟಿನಿಂದ ಕೂಡಿಸುತ್ತಿದ್ದರು ಎಂದು ಕಂಡುಹಿಡಿಯುವುದು ನನ್ನ ಉದ್ಯೋಗ. ಇದನ್ನು ಉದ್ಯೋಗ ಎನ್ನಲು ನನಗೇ ಸಂಕೋಚ. ಯಾರಾದರೂ ಕೇಳಿದರೆ ಅತ್ತೆ, “ಏನೋ ಕಲ್ಲಿಂದು ಮಾಡ್ತಾನ” ಎಂದು ಮಾತು ಬದಲಿಸುತ್ತಿದ್ದಳು. ಜನ ಅದನ್ನು ಗ್ರಾನೈಟ್ ವ್ಯಾಪಾರ ಅಂದುಕೊಂಡು ಗೌರವ ಕೊಡುತ್ತಿದ್ದರು.

ಮಣ್ಣಲ್ಲಿ ಕಲ್ಲು ಉಳಿಯುತ್ತದೆ, ಅಂಟು ಉಳಿಯುವುದಿಲ್ಲ. ಹಾಗಾಗಿ ಊರೂರು ತಿರುಗಿ, ಹಿರಿಯರು ಏನನ್ನು ಯಾವುದರಿಂದ ಅಂಟಿಸುತ್ತಿದ್ದರು ಎಂದು ಕೇಳಬೇಕಿತ್ತು. ಬುಕ್ಕಸಾಗರದ ಅಜ್ಜಿಯೊಬ್ಬಳು ನನ್ನ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳಿ, “ಅಂಟಸೋದ್ಯಾಕಪ್ಪ? ಹಗ್ಗ ಇರ್ಲಿಲ್ಲೇನು?” ಎಂದಳು. ಜೇನುಮೇಣ ಹುಡುಕಿಕೊಂಡು ದರೋಜಿಯ ಕರಡಿಧಾಮಕ್ಕೆ ಹೋದರೆ, ಅಲ್ಲಿನ ಕಾವಲುಗಾರ ನಾನು ಕರಡಿಗಳ ಪಾಲಿಗೆ ಕೈಹಾಕಲು ಬಂದವನೆಂದು ತಿಳಿದು ಗೇಟಿನವರೆಗೂ ಹಿಂದೆಯೇ ಬಂದ.

ಎಲ್ಲಕ್ಕಿಂತ ಕಷ್ಟ ಜಾಲಿ ಅಂಟು ಕೊಳ್ಳುವುದು. ನಮ್ಮ ಕಡೆ ಗಂಡಸು ಅಂಟು ಕೇಳಿದನೆಂದರೆ ಅವನ ಮನೆಯಲ್ಲಿ ಬಾಣಂತಿ ಇದ್ದಾಳೆಂದೇ ಲೆಕ್ಕ. ಅಂಟನ್ನು ಉಂಡಿ ಕಟ್ಟುವುದಕ್ಕಲ್ಲದೆ ಇನ್ಯಾತಕ್ಕೆ ಒಯ್ಯುತ್ತಾರೆ? ಕಂಪ್ಲಿಯ ಗ್ರಂಧಿಗೆ ಅಂಗಡಿಯಲ್ಲಿ ನಡೆದದ್ದು ಹೀಗೆ.

“ಗಂಡೇನ್ರಿ, ಹೆಣ್ಣೇನ್ರಿ?” ಎಂದ ಅಂಗಡಿಯವನು, ಅಂಟು ತೂಗುತ್ತಾ.

“ಕೂಸಲ್ರಿ, ಕಲ್ಲಿಗೆ ಹಚ್ಚಾಕ.”

“ನಾಚಿಕಿ ಯಾಕ್ರಿ? ಮೊದಲನೇದೇನು?”

“ಹಳೇ ಕಾಲದ ಜನ ಕಲ್ಲಿಂದು ಕೊಡ್ಲಿ ಮಾಡ್ತಿದ್ರಲ್ರಿ, ಅದು...”

“ಆತ್ರಿ, ಆತು. ತಾಯಿ ಆರಾಮದಾಳಲ್ಲ, ಅಷ್ಟ ಸಾಕು” ಎಂದು ಸಮಾಧಾನ ಹೇಳಿ, ಒಂದು ಹಿಡಿ ಉತ್ತತ್ತಿಯನ್ನೂ ಪೊಟ್ಟಣಕ್ಕೆ ಹಾಕಿದ. ಪಕ್ಕದಲ್ಲಿ ದಪ್ಪ ಮೀಸೆಯ ಹಿರಿಯರೊಬ್ಬರು ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ನಮಸ್ಕಾರ ಮಾಡಿ ಬಸ್ಸು ಹಿಡಿದೆ.

ಅದೇ ದಿನಗಳಲ್ಲಿ ಅತ್ತೆ ನನಗೊಂದು ಸಂಬಂಧ ನೋಡಿದ್ದಳು. ಹುಡುಗಿ ಇದೇ ಶಶಿಕಲಾ, ಆಗ ಸಂಡೂರಿನ ಕಡೆ ಅದಿರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹೊಸಪೇಟೆಯ ಒಂದು ಮದುವೆಯಲ್ಲಿ ಆಕೆಯನ್ನು ದೂರದಿಂದ ನೋಡಿದ್ದೆ. ಬಡಿಸುವವನಿಗೆ ಆಕೆ “ಸಾಂಬಾರು ಕೆಳಗಿಂದ ಹಾಕ್ರಿ” ಎಂದದ್ದು ಕೇಳಿಸಿ, ಕಟ್ಟಿಕೊಂಡರೆ ಇವಳನ್ನೇ ಎಂದು ನಿರ್ಧರಿಸಿಬಿಟ್ಟಿದ್ದೆ. ನಗಬೇಡಿ. ಮನುಷ್ಯ ಇದಕ್ಕಿಂತ ಸಣ್ಣ ಕಾರಣಕ್ಕೂ ಸೋಲುತ್ತಾನೆ. ಆಕೆಗೆ ತಂದೆ ಇರಲಿಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಸೋದರಮಾವ ವೀರಭದ್ರಪ್ಪನವರ ಮಾತೇ ಕೊನೆಯ ಮಾತು. ಅವರು ಬೇಡವೆಂದರೆ ಮುಗಿಯಿತು, ಇನ್ನೊಂದು ಬಾರಿ ಕೇಳುವಂತಿರಲಿಲ್ಲ.

ಅವರು ಮನೆ ನೋಡಲು ಬರುವ ದಿನವೇ ನನ್ನ ಅಂಟು ಹದಕ್ಕೆ ಬಂದಿತ್ತು. ಕರಗಿಸಿದ ಜಾಲಿ ಅಂಟಿಗೆ ಸಂಡೂರಿನ ಕೆಂಪು ಅದಿರಿನ ಪುಡಿ ಮತ್ತು ಜೇನುಮೇಣ ಕಲಸಿ ಉಂಡೆ ಕಟ್ಟಿ, ಒಲೆಯ ಪಕ್ಕ ಬೆಚ್ಚಗೆ ಆರಲು ಇಟ್ಟಿದ್ದೆ. ಉಳಿದ ಅಂಟು ಹಾಳಾಗುವುದು ಬೇಡವೆಂದು ಅತ್ತೆ ಕೊಬ್ಬರಿ, ಬೆಲ್ಲ ಹಾಕಿ ನಿಜವಾದ ಉಂಡಿಯನ್ನೇ ಕಟ್ಟಿದ್ದಳು. ಮನೆಯೆಲ್ಲ ಘಮಘಮ.

ವೀರಭದ್ರಪ್ಪನವರು ಶಶಿಕಲಾ ಮತ್ತು ಅವಳ ತಾಯಿಯ ಜೊತೆ ಒಳಗೆ ಬಂದು, ಕುರ್ಚಿಯಲ್ಲಿ ಕೂತು, ಒಮ್ಮೆ ಮೂಗೆಳೆದರು. ಆಮೇಲೆ ನನ್ನನ್ನು ನೋಡಿದರು. ಅದೇ ದಪ್ಪ ಮೀಸೆ!

“ಮನ್ಯಾಗ ಬಾಣಂತಿ ಯಾರ್ರಿ?” ಎಂದರು.

“ಬಾಣಂತಿ ಎಲ್ಲಿಂದ ಬರ್ತಾಳ್ರಿ?” ಎಂದು ಅತ್ತೆ ನಕ್ಕಳು. “ನಮ್ಮ ಹುಡುಗಗ ಇನ್ನೂ ಮದುವಿನ ಆಗಿಲ್ಲ.”

“ನಾ ಕೇಳೋದೂ ಅದನ್ನ!” ಅವರ ಮುಖ ಕೆಂಪಾಯಿತು. ಶಶಿಕಲಾಳ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶಶಿಕಲಾ ನೇರವಾಗಿ ನನ್ನನ್ನೇ ನೋಡುತ್ತಿದ್ದಳು.

ಅತ್ತೆಗೆ ಸಿಟ್ಟು ಬಂದವರನ್ನು ಸಂಭಾಳಿಸುವ ದಾರಿ ಒಂದೇ ಗೊತ್ತು. ಒಳಗೆ ಓಡಿ ತಟ್ಟೆ ತಂದು ಹಿಡಿದಳು. “ಮೊದಲು ಬಾಯಿ ಸಿಹಿ ಮಾಡ್ಕೊಳ್ರಿ ಅಣ್ಣಾರ, ಆಮ್ಯಾಲ ಬೇಕಾದಷ್ಟು ಬೈರಿ.” ಅವಸರದಲ್ಲಿ ಅವಳು ಒಲೆಯ ಪಕ್ಕದ ನನ್ನ ಉಂಡೆಗಳನ್ನೂ ತಟ್ಟೆಗೆ ಸುರಿದಿದ್ದು ನನಗೆ ಕಂಡದ್ದು ಆಗಲೇ. ಕೂಗುವಷ್ಟರಲ್ಲಿ ಮಾವನವರು ಎಲ್ಲಕ್ಕಿಂತ ದೊಡ್ಡದನ್ನು ಎತ್ತಿ, ಬೈಯುವ ಮೊದಲು ಮುಗಿಸಿಬಿಡೋಣ ಎಂಬಂತೆ ಬಲವಾಗಿ ಕಚ್ಚಿದರು. ಬಾಯಲ್ಲಿದ್ದದ್ದು ಕಟ್ಟಿಸಿದ ಹಲ್ಲಿನ ಸೆಟ್ಟು. ಮೇಲಿನ ಸಾಲೂ ಕೆಳಗಿನ ಸಾಲೂ ನನ್ನ ಸಂಶೋಧನೆಯೊಳಗೆ ಇಳಿದವು, ಮತ್ತೆ ಮೇಲೆ ಬರಲಿಲ್ಲ.

ಅವರು ಎದ್ದು ನಿಂತರು. ನನ್ನತ್ತ ಬೆರಳು ತೋರಿಸಿದರು. ಕಣ್ಣಲ್ಲೇ ಎಲ್ಲ ಬೈಗುಳವೂ ಇತ್ತು, ಒಂದೂ ಹೊರಗೆ ಬರಲಿಲ್ಲ. ಅತ್ತೆ ನೀರು ತಂದಳು. “ನೀರು ಬ್ಯಾಡ, ಇನ್ನೂ ಅಂಟಾಗ್ತೈತಿ! ಶಾಖ ಕೊಡ್ರಿ!” ಎಂದು ಕಿರುಚಿದೆ. ಅತ್ತೆಯೇ ಮಾವನವರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ, ತಲೆಗೆ ಟವೆಲ್ ಸುತ್ತಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಕೆನ್ನೆಗೆ ಶಾಖ ಕೊಡತೊಡಗಿದಳು. ಆ ದಿನ ನಮ್ಮ ಮನೆಯಲ್ಲಿ ಬಾಣಂತಿ ಅಂತ ಯಾರಾದರೂ ಇದ್ದರೆ ಅದು ವೀರಭದ್ರಪ್ಪನವರು.

ಮಾತಾಡಬೇಕಾದ ಹಿರಿಯರ ಬಾಯಿ ಕಟ್ಟಿಹೋಗಿತ್ತು. ಶಶಿಕಲಾ ಎದ್ದು ತಟ್ಟೆಯಿಂದ ಒಂದು ಉಂಡೆ ತೆಗೆದು ಅಂಗೈಯಲ್ಲಿ ತೂಗಿದಳು. ಉಗುರಿನಿಂದ ಕೆರೆದಳು.

“ಇದರಾಗ ಅದಿರಿನ ಪುಡಿ ಐತಲ್ರಿ?”

“ಹೌದ್ರಿ, ಸಂಡೂರಿಂದು.”

“ಯಾಕ ಹಾಕಿದ್ರಿ?”

ಓದುಗರೇ, ಅಲ್ಲಿಯವರೆಗೆ ಯಾವ ಊರಿನಲ್ಲೂ ಯಾರೂ ನನ್ನನ್ನು ಉತ್ತರ ಬೇಕಾಗಿ ಯಾಕೆ ಎಂದು ಕೇಳಿರಲಿಲ್ಲ. ಹೇಳತೊಡಗಿದೆ. ಬರೀ ಅಂಟು ಒಣಗಿದರೆ ಗಾಜಿನ ಹಾಗೆ ಸಿಡಿಯುತ್ತದೆ, ಪುಡಿ ಸೇರಿದರೆ ಏಟು ತಡೆಯುತ್ತದೆ, ಮೇಣ ಇದ್ದರೆ ಬಿರಿಯುವುದಿಲ್ಲ. ಮೊದಲೇ ಇಂಥ ಅಂಟಿನಿಂದ ಹಿಡಿ ಕೂಡಿಸಿದ್ದ ಕಲ್ಲಿನ ಕೊಡಲಿಯನ್ನೂ ಅಟ್ಟದಿಂದ ತಂದು ತೋರಿಸಿದೆ. ಆಕೆ ಹಿಡಿಯನ್ನು ಅಲುಗಾಡಿಸಿ ನೋಡಿ, “ಮೇಣ ಭಾಳ ಆಗೈತ್ರಿ, ಬಿಸಿಲಿಗೆ ಹಿಡಿದ್ರ ಜಾರ್ತೈತಿ” ಎಂದಳು. ನಾನು ಸೋತು ಕೂತೆ, ಸಂತೋಷದಿಂದ. ಆಮೇಲೆ ಆಕೆ ಕುರ್ಚಿಯತ್ತ ತಿರುಗಿ, “ಮಾವ, ಬಾಣಂತಿ ಯಾರೂ ಇಲ್ಲ. ಅಂಟು ಖರೇನ ಕಲ್ಲಿಗಂತ” ಎಂದಳು.

ಅಷ್ಟರಲ್ಲಿ ಮೇಣ ಮೆತ್ತಗಾಗಿ ಮಾವನವರ ಬಾಯಿ ಟಪ್ಪೆಂದು ತೆರೆಯಿತು. ಉಂಡೆ ಹೊರಗೆ ಬಂತು, ಜೊತೆಗೆ ಅದಕ್ಕಂಟಿದ ಒಂದು ಹಲ್ಲೂ. ಅವರು ಸೆಟ್ಟು ಸರಿಮಾಡಿಕೊಂಡು, ದವಡೆಯನ್ನು ಆಚೀಚೆ ಆಡಿಸಿ ನೋಡಿದರು.

“ಹುಡುಗ ಸುಳ್ಳ ಹೇಳಿಲ್ಲ” ಎಂದರು ನಿಧಾನವಾಗಿ. “ನನ್ನ ಬಾಯೇ ಸಾಕ್ಷಿ.” ಆಮೇಲೆ ಅತ್ತೆಯತ್ತ ತಿರುಗಿ, “ತಿನ್ನೋ ಉಂಡಿ ಯಾವ ಕಡಿ ಅದಾವು, ನೀವ ಆರಿಸಿ ಕೊಡ್ರಿ” ಎಂದರು.

ಹಲ್ಲು ಕಚ್ಚಿಕೊಂಡಿದ್ದ ಆ ಉಂಡೆ ನಮ್ಮ ಮನೆಯ ಶೋಕೇಸಿನಲ್ಲಿದೆ. ಮಾವ ಬಂದಾಗಲೆಲ್ಲ ಗಾಜಿನ ಮುಂದೆ ನಿಂತು, ಬಂದ ನೆಂಟರಿಗೆಲ್ಲ “ಇದು ನಂದು” ಎಂದು ತೋರಿಸುತ್ತಿದ್ದರು. ನನ್ನ ಅಂಟಿನ ಪರವಾಗಿ ಇಡೀ ಕಂಪ್ಲಿಯಲ್ಲಿ ಅವರಷ್ಟು ಜೋರಾಗಿ ವಾದಿಸಿದವರು ಬೇರೆ ಯಾರೂ ಇಲ್ಲ. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಈಗ ಅವರ ಮೊಮ್ಮಗನ ಹೆಂಡತಿಗೆ ಹೆಣ್ಣುಕೂಸು ಹುಟ್ಟಿದೆ. ಇವತ್ತಿನ ಉಂಡಿ ಆ ಬಾಣಂತಿಗೆ.

ಡಬ್ಬಿಯ ಜೊತೆ ಆ ಉಂಡೆಯನ್ನೂ ಕಂಪ್ಲಿಗೆ ಒಯ್ದು ಅವರ ಮನೆಯಲ್ಲೇ ಇಟ್ಟುಬರೋಣವೆಂದು ಶೋಕೇಸು ತೆಗೆದೆ. ಮಳೆಗಾಲದ ಥಂಡಿಗೆ ಅಂಟು ಸಡಿಲಾಗುತ್ತದೆ ಎಂದು ಹಿಂದೆ ನಾನೇ ವರದಿಯಲ್ಲಿ ಬರೆದಿದ್ದೆ. ಈಗ ಮಳೆಗಾಲವೇ, ಆದರೂ ಎಳೆದರೆ ಉಂಡೆ ಹಲಗೆ ಬಿಟ್ಟು ಕದಲಲಿಲ್ಲ. ಹಲ್ಲು ಹಾಗೇ ಹೊರಗೆ ಇಣುಕುತ್ತಿತ್ತು. ಚಾಕು ತರಲು ಹೊರಟವನನ್ನು ಶಶಿಕಲಾ ತಡೆದಳು.

“ಇರ್ಲಿ ಬಿಡ್ರಿ” ಎಂದಳು. “ಮಾವ ಇಲ್ಲೇ ಇರ್ಲಿ.” ಅವಳ ಕಣ್ಣುಗಳು ತುಂಬಿದ್ದವು. ನನ್ನವೂ.

ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಡಬ್ಬಿಯ ವಾಸನೆ ಹಿಡಿದು, “ಅಂಟಿನ ಉಂಡಿ ಯಾರಿಗ್ರಿ?” ಎಂದಳು.

“ಬಾಣಂತಿಗ್ರಿ” ಎಂದೆ. ಆಕೆ ಹೌದೆಂದು ತಲೆಯಾಡಿಸಿ ಕಿಟಕಿಯತ್ತ ತಿರುಗಿದಳು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಉತ್ತರವನ್ನು ಯಾರೋ ಒಂದೇ ಸಲಕ್ಕೆ ನಂಬಿದ್ದರು. ಆದರೆ ನನ್ನ ಪರವಾಗಿ ವಾದಿಸುವವರೇ ಈಗ ಇರಲಿಲ್ಲ.