‘ಪಾಸಮ್ಮ’ ಎಂದರೆ ತಲೆತಗ್ಗಿಸುವ ಅಂಜನಮ್ಮ

ಬೆಳಗಿನ ಆರು ಗಂಟೆ. ಜಯನಗರದ ನರ್ಸಿಂಗ್ ಹೋಮೊಂದರ ಗೇಟಿನಲ್ಲಿ ಫ್ಲಾಸ್ಕು, ಟಿಫನ್ ಕ್ಯಾರಿಯರ್ ಹಿಡಿದವರ ಸಾಲು. ಗೊಟ್ಟಿಗೆರೆಯಿಂದ ಮೊದಲ ಬಸ್ಸಿಗೆ ಬಂದ ಅಂಜನಮ್ಮ ಹಳದಿ ರಟ್ಟಿನ ಪಾಸು ಕೊಟ್ಟು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದಾರೆ. "ಒಂದು ಬೆಡ್ಡಿಗೆ ಒಂದೇ ಚೀಟಿ ಅಣ್ಣ. ಅವ್ರು ಇಳಿದ್ಮೇಲೆ ನೀವು ಹತ್ತಿ."

ಎಲ್ಲರ ಬಾಯಲ್ಲಿ ಪಾಸು, ಅವರ ಬಾಯಲ್ಲಿ ಮಾತ್ರ ಚೀಟಿ.

ಹನ್ನೊಂದು ವರ್ಷದಿಂದ ಇದೇ ಸ್ಟೂಲು. ದಿನಕ್ಕೆ ಇನ್ನೂರು ಪಾಸು ಕೈಬದಲಾಗುತ್ತವೆ. ಮಂಡಿ ನೋವಿದ್ದರೂ ಕೂರಲು ಪುರುಸೊತ್ತಿಲ್ಲ. ವಾರ್ಡಿನವರು ಪ್ರೀತಿಯಿಂದಲೇ ‘ಪಾಸಮ್ಮ’ ಎಂದು ಹೆಸರಿಟ್ಟಿದ್ದಾರೆ. ಹಾಗೆ ಕರೆದಾಗಲೆಲ್ಲ ಇವರ ಮುಖ ಸಣ್ಣಗಾಗುವುದನ್ನು ಯಾರೂ ಗಮನಿಸಿದಂತಿಲ್ಲ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅಂಜನಮ್ಮನಿಗೆ ಆ ಪದಕ್ಕೆ ಗೊತ್ತಿದ್ದದ್ದು ಮೂರೇ ಅರ್ಥ: ಗೇಟಿನ ಪಾಸು, ಬಸ್ ಪಾಸು, ಪರೀಕ್ಷೆ ಪಾಸು. ಮೂರೂ ಒಳ್ಳೆಯವೇ. ನಾಲ್ಕನೆಯದು ಐದು ವರ್ಷದ ಹಿಂದೆ, 1998ರ ಒಂದು ಬೆಳಿಗ್ಗೆ, ಇಂಟರ್‌ಕಾಮಿನಲ್ಲಿ ಬಂತು. "ಹದಿನಾಲ್ಕನೇ ಬೆಡ್ಡು ಪಾಸ್ಡ್ ಅವೇ. ಮನೆಯವ್ರು ಬಂದ್ರೆ ಮೇಲೆ ಕಳ್ಸಿ," ಎಂದು ನರ್ಸು ಫೋನಿಟ್ಟರು. ಅಷ್ಟರಲ್ಲೇ ಆ ಬೆಡ್ಡಿನ ಯಜಮಾನರ ಮಗಳು ವಾರಿಜಾ ಕಾಫಿ ತಂದರು. ಹತ್ತು ದಿನದಿಂದ ಆಕೆಯ ಬಾಡಿದ ಮುಖ ನೋಡಿ ಮರುಗಿದ್ದ ಅಂಜನಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ.

"‘ನಿಮ್ ತಂದೆ ಪಾಸಾದ್ರಂತೆ ಮೇಡಂ, ಬೇಗ ಹೋಗಿ’ ಅಂದ್ಬಿಟ್ಟೆ. ಆಪರೇಷನ್ನು ಪಾಸು ಅಂತ ಅವ್ರೂ ತಿಳ್ಕೊಂಡ್ರು. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನಂಗೇ ಮೊದ್ಲು ಕೊಟ್ರು. ನಗ್ತಾ ಮೆಟ್ಲು ಹತ್ತಿದ್ರು ಸಾರ್. ಮೂವತ್ತೆರಡು ಮೆಟ್ಲು."

ಈಗ ಮೇಲಿಂದ ಫೋನು ಬಂದರೆ ಅಂಜನಮ್ಮ ಬಿಡಿಸಿ ಕೇಳುತ್ತಾರೆ: "ಕನ್ನಡದಲ್ಲಿ ಹೇಳಿ ಸಿಸ್ಟರ್, ಜೀವ ಇದ್ಯಾ, ಇಲ್ವಾ?" ಇಲ್ಲವೆಂದರೆ ಗೇಟಿಗೆ ಚಿಲಕ ಹಾಕಿ, ಬಂದವರ ಕೈಹಿಡಿದು ತಾವೂ ಮೆಟ್ಟಿಲು ಹತ್ತುತ್ತಾರೆ. ಗೇಟು ಬಿಟ್ಟು ಹೋದದ್ದಕ್ಕೆ ಆಫೀಸಿನಿಂದ ಎರಡು ಸಲ ಮೆಮೊ ಬಂದಿದೆ. ಹೋದ ವರ್ಷ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದಾಗ ಬೀದಿಗೆಲ್ಲ ಸಕ್ಕರೆ ಹಂಚಿದರು; ಯಾಕೆಂದು ಕೇಳಿದವರಿಗೆ "ಕಾಲೇಜಿಗೆ ಸೇರ್ತಾಳೆ" ಎಂದಷ್ಟೇ ಹೇಳಿದರು.

ವಾರಿಜಾ ಇಲ್ಲೇ ನಾಲ್ಕನೇ ಬ್ಲಾಕಿನವರು. ಮಾರ್ಕೆಟ್ಟಿನಲ್ಲಿ ಕಂಡರೆ ಅಂಜನಮ್ಮ ದಾರಿ ಬದಲಿಸುತ್ತಾರೆ. ಆದರೂ ಇರುವ ಆಸೆ ಒಂದೇ.

"ಒಂದ್ಸಲ ಎದುರು ಸಿಕ್ಕಿ ಬೈದ್ಬಿಟ್ರೆ ಸಾಕು. ಅವತ್ತು ಬೈಲೇ ಇಲ್ಲ ಸಾರ್. ಅತ್ಕೊಂಡು ಕೆಳಗೆ ಬಂದ್ರು. ‘ಮುಚ್ಚಳ ಕೊಡಿ’ ಅಂತ ಕೈ ಚಾಚಿದ್ರು. ನಾನು ಅಷ್ಟೊತ್ತಿಗೆ ಕಾಫಿ ಪೂರ್ತಿ ಕುಡಿದಿದ್ದೆ."