ದೇವೀರಮ್ಮನ ಒಂದೇ ಸ್ಟಾರು

ಗೆಜ್ಜಲಗೆರೆಯ ಹಳೇ ರಸ್ತೆಯಲ್ಲಿ ನನ್ನ ಪಂಕ್ಚರ್ ಅಂಗಡಿ. ಅದರ ಪಕ್ಕದ ಗೋಡೆಗೆ ಅಂಟಿಕೊಂಡಂತೆ ಚಲುವಕ್ಕನ ಮುದ್ದೆ ಹೋಟೆಲ್ಲು. ಚಲುವಕ್ಕ ಬೈಯುತ್ತಲೇ ಬಡಿಸುತ್ತಾಳೆ. ಅರ್ಧ ಮುದ್ದೆ ಕೇಳಿದವನಿಗೆ "ಯಾಕ್ಲಾ, ಜ್ವರ ಬಂದದಾ?" ಎನ್ನುತ್ತಾಳೆ. ಎರಡನೇ ಮುದ್ದೆ ಬೇಡ ಎಂದು ಹಟ ಹಿಡಿದು ಗೆದ್ದವನನ್ನು ನಾನು ಇದುವರೆಗೆ ನೋಡಿಲ್ಲ.

ಹೊಸ ಹೆದ್ದಾರಿ ಬಂದಮೇಲೆ ಕಾರುಗಳೆಲ್ಲ ಅತ್ತ ಹೋದವು. ನನಗೆ ಪಂಕ್ಚರಿಲ್ಲ, ಅವಳಿಗೆ ಹಸಿದವರಿಲ್ಲ. ಕಟ್ಟಡದ ಮಾಲೀಕ ತಿಮ್ಮಯ್ಯನವರು ಒಂದು ದಿನ ಉಂಡು ಕೈ ತೊಳೆಯುತ್ತ ಹೇಳಿಯೇಬಿಟ್ಟರು: "ನೋಡವ್ವ ಚಲುವಮ್ಮ, ಸಿಮೆಂಟ್ ಗೋಡೌನಿಗೆ ಕೇಳ್ತಾವ್ರೆ. ಗೌರಿ ಅಬ್ಬದವರ್ಗೂ ನೋಡ್ತೀನಿ. ಜನ ಬಂದ್ರೆ ಸರಿ, ಇಲ್ದಿದ್ರೆ ಕಾಲಿ ಮಾಡ್ಕೊಡು."

ಗಂಡ ಸತ್ತಮೇಲೆ ಅವಳಿಗೆ ಇದ್ದದ್ದು ಆ ಒಲೆ ಒಂದೇ. ಅವತ್ತು ಅವಳು ಯಾರನ್ನೂ ಬೈಯಲಿಲ್ಲ. ನನಗೆ ದಿಗಿಲಾಯಿತು.

ಹೊಸ ರಸ್ತೆಯಲ್ಲಿ ಹೋಗುವವರು ಊಟ ಎಲ್ಲಿದೆ ಎಂದು ಫೋನಿನಲ್ಲಿ ಹುಡುಕುತ್ತಾರಂತೆ ಎಂದು ಯಾರೋ ಅವಳ ತಲೆಗೆ ತುಂಬಿದರು. ಸರಿ, ಮಂಡ್ಯದಿಂದ ಪುನೀತ್ ಎಂಬ ವೆಬ್‌ಸೈಟ್ ಮಾಡುವವನು ಬಂದ. ಮುದ್ದೆಯನ್ನು ನಾಲ್ಕು ದಿಕ್ಕಿನಿಂದಲೂ ಫೋಟೋ ಹೊಡೆದ, ಉಂಡ, ಹೋದ. ವಾರದಲ್ಲಿ ವೆಬ್‌ಸೈಟೂ ಆಯಿತು. ತಿಮ್ಮಯ್ಯನವರು ಕನ್ನಡಕ ಏರಿಸಿಕೊಂಡು ತಮ್ಮ ಫೋನಿನಲ್ಲಿ 'ಗೆಜ್ಜಲಗೆರೆ ಮುದ್ದೆ ಊಟ' ಎಂದು ಹುಡುಕಿದರು. ಬೆಂಗಳೂರಿನ ಹೋಟೆಲುಗಳು ಬಂದವು. ರಾಗಿ ತಿಂದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎನ್ನುವ ಡಾಕ್ಟರು ಬಂದ. ಚಲುವಕ್ಕ ಬರಲಿಲ್ಲ.

"ಎಲ್ಲವ್ವಾ ನಿನ್ ಓಟ್ಲು?" ಎಂದು ಅವರು ಕೇಳಿದ ರೀತಿಗೆ ನನಗೇ ಮೈ ಉರಿಯಿತು.

ಪುನೀತನನ್ನು ಮತ್ತೆ ಕರೆಸಿ ಚಲುವಕ್ಕ ಅವನ ಏಳು ತಲೆಮಾರನ್ನು ವಿಚಾರಿಸಿಕೊಂಡಳು. ಪಾಪ, ಅವನು ತಾಳ್ಮೆಯಿಂದಲೇ ಹೇಳಿದ: "ಅಕ್ಕ, ಸೈಟ್ ಮಾಡಿದ್ರೆ ಸಾಲ್ದು. ಇಂಗೊಂದು ಸೈಟ್ ಇದೆ ಅಂತ ಸರ್ಚಿನೋರಿಗೆ ತಿಳಿಸ್ಬೇಕು. ಮ್ಯಾಪಿಗೆ ಹಾಕ್ಬೇಕು. ಊರೂರಿನ ಅಂಗಡಿಗಳ್ನ ಪಟ್ಟಿ ಮಾಡೋ ಡೈರೆಕ್ಟರಿಗಳವೆ, ಅದ್ರಲ್ಲೆಲ್ಲ ಸೇರಿಸ್ಬೇಕು. ಎಲ್ಲಾ ಕಡೆ ಒಂದೇ ಹೆಸ್ರು, ಒಂದೇ ಅಡ್ರೆಸ್ಸು, ಒಂದೇ ನಂಬರ್ ಇರ್ಬೇಕು. ಆಮೇಲೆ ಉಂಡೋರು ಮ್ಯಾಪಲ್ಲಿ ಐದಕ್ಕೆ ಇಷ್ಟು ಅಂತ ಸ್ಟಾರ್ ಕೊಡ್ಬೇಕು."

ಮ್ಯಾಪು, ಡೈರೆಕ್ಟರಿ ಎಲ್ಲವನ್ನೂ ಅವನೇ ತುಂಬಿದ. ಒಂದು ಡೈರೆಕ್ಟರಿಯಲ್ಲಿ ಮುದ್ದೆಗೆ ಜಾಗವೇ ಇರಲಿಲ್ಲವೆಂದು 'ಮಲ್ಟಿ ಕ್ಯೂಸಿನ್' ಎಂದು ಹಾಕಿದ. ಮಾರನೆಯ ದಿನದಿಂದ ಫೋನೋ ಫೋನು. ಗಿರಾಕಿಗಳದ್ದಲ್ಲ, ನಿಮ್ಮ ಹೋಟೆಲನ್ನು ಇನ್ನೂ ಮೇಲೆ ತೋರಿಸುತ್ತೇವೆ ಎಂದು ಮಾರುವವರದ್ದು. "ಮೇಲೆ ತೋರ್ಸಿ ಏನ್ಮಾಡ್ತೀಯ? ಕೆಳಕ್ಕೆ ಇಳ್ದು ಬಂದು ಉಣ್ಣು" ಎಂದು ಚಲುವಕ್ಕ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು.

ಆದರೆ ಸ್ಟಾರಿನ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

"ಯತೀಸ, ಉಂಡೋರು ಕೊಡಾದು ಅಂದ್ರೆ ಮುಯ್ಯಿ ತಾನೆ?" ಎಂದು ನನ್ನನ್ನು ಕೇಳಿದಳು.

ನಮ್ಮ ಕಡೆ ಮದುವೆಯಲ್ಲಿ ಉಂಡವರು ಮುಯ್ಯಿ ಹಾಕುತ್ತಾರೆ. ಅವರ ಮನೆಯಲ್ಲಿ ಶುಭಕಾರ್ಯವಾದಾಗ ನಾವು ಹೋಗಿ ತೀರಿಸುತ್ತೇವೆ. ಚಲುವಕ್ಕ ಮುಯ್ಯಿ ಹಾಕದ ಮನೆ ಈ ಸೀಮೆಯಲ್ಲಿಲ್ಲ. "ಈಗ ಎಲ್ಲಾ ಬಂದು ನಂಗೆ ಸ್ಟಾರಲ್ಲಿ ತೀರಿಸ್ಲಿ" ಎಂದಳು. ಬೇಡ ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ, ಪುನೀತನಿಗೂ ಇರಲಿಲ್ಲ.

ಎಲೆ ಅಡಿಕೆ ಹಿಡಿದುಕೊಂಡು ನನ್ನ ಬೈಕಿನಲ್ಲಿ ಊರೂರು ತಿರುಗಿ ಬಾಡೂಟಕ್ಕೆ ಕರೆದಳು. ಆತಗೂರಿಗೆ ಮಾತ್ರ ತಾನು ಬರಲಿಲ್ಲ, ನನ್ನನ್ನೊಬ್ಬನನ್ನೇ ಕಳಿಸಿದಳು. ಅಲ್ಲಿರುವವಳು ಅವಳ ನಾದಿನಿ ದೇವೀರಮ್ಮ. ಅಣ್ಣನ ತಿಥಿಯ ದಿನ ಅತ್ತಿಗೆ ತನ್ನನ್ನು ಊಟಕ್ಕೆ ಕೂರು ಎನ್ನಲಿಲ್ಲವೆಂದು ಉಣ್ಣದೆ ಎದ್ದುಹೋದವಳು. ಅಲ್ಲಿಂದ ಮಾತಿಲ್ಲ.

ಆಷಾಢ ಬೇರೆ. ಮದುವೆಗಳಿಲ್ಲದೆ ಜನ ಬಾಡಿನ ಮುಖ ನೋಡಿ ಎಷ್ಟೋ ದಿನವಾಗಿತ್ತು. ಟೆಂಪೋ ಮಾಡಿಕೊಂಡು ಬಂದರು. ಉಂಡವರು ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತು ಫೋನ್ ಒತ್ತುವುದು, ನಾನು ಮೈಕಿನಲ್ಲಿ ಕೂಗುವುದು: "ಹಲಗೂರಿನ ಶಿವಣ್ಣನವರಿಂದ ಐದು ಸ್ಟಾರು! ಚಲುವಕ್ಕನ ತವರು ಕಡೆಯವರಿಂದ ಐದು ಸ್ಟಾರು!" ನಾಲ್ಕು ಕೊಟ್ಟವನೊಬ್ಬನನ್ನು ಅವನ ಹೆಂಡತಿಯೇ ಬೈದು ವಾಪಸ್ ಕಳಿಸಿದಳು. ಕೊನೆಯ ಪಂಕ್ತಿಯಲ್ಲಿ ಉಂಡ ದೇವೀರಮ್ಮ ಮಾತ್ರ "ನಾನು ಮನೇಗೋಗಿ ಆಕ್ತೀನಿ" ಎಂದು ಸೆರಗು ಕೊಡವಿಕೊಂಡು ಹೊರಟಳು. ಚಲುವಕ್ಕ ಸಾರಿನ ಪಾತ್ರೆ ಹಿಡಿದು ಅತ್ತಲೇ ನೋಡುತ್ತ ನಿಂತಿದ್ದಳು.

ಎರಡು ದಿನಕ್ಕೆ ಅಷ್ಟೂ ಸ್ಟಾರು ಮಾಯ! ಒಂದೇ ಜಾಗದಲ್ಲಿ, ಒಂದೇ ಮಧ್ಯಾಹ್ನ ಅಷ್ಟೊಂದು ಜನ ಕೊಟ್ಟರೆ ಮ್ಯಾಪಿನವರು ಸುಳ್ಳು ಎಂದುಕೊಂಡು ಅಳಿಸಿಬಿಡುತ್ತಾರೆ ಎಂದು ಪುನೀತ್ ತಲೆ ಚಚ್ಚಿಕೊಂಡ. "ಸುಳ್ಳಾ? ಬಾಡು ಸುಳ್ಳಾ? ಮುದ್ದೆ ಸುಳ್ಳಾ?" ಎಂದು ಚಲುವಕ್ಕ ಕೂಗಾಡಿದಳು. ಕೂಗಾಡಿ ಸುಸ್ತಾಗಿ ಬೆಂಚಿನ ಮೇಲೆ ಕೂತಳು.

ಉಳಿದಿದ್ದು ಒಂದೇ ಒಂದು. ಬಾಡೂಟದ ಮಾರನೆಯ ದಿನ ಆತಗೂರಿನ ಮನೆಯಿಂದ ಹಾಕಿದ್ದು. ಅದೂ ಒಂದೇ ಸ್ಟಾರು. ದೇವೀರಮ್ಮ ಫೋನಿಗೆ ಬಾಯಲ್ಲಿ ಹೇಳಿ ಬರೆಸಿದ್ದಳು:

"ಒಸ ರೋಡ್ ಬುಟ್ಟು ಗೆಜ್ಜಲಗೆರೆ ಅಳೇ ರೋಡಿಗೆ ಬನ್ನಿ. ಪಂಚರ್ ಅಂಗಡಿ ಪಕ್ಕ. ಇವಳ ಬಾಯಿ ಸರೀಗಿಲ್ಲ. ಬೈತಾಳೆ. ಬ್ಯಾಡ ಅಂದ್ರೂ ಮುದ್ದೆ ಆಕ್ತಾಳೆ. ಸಾರು ನಮ್ಮಣ್ಣ ಇದ್ದಾಗ ಎಂಗಿತ್ತೋ ಅಂಗೇ ಅದೆ, ಸುಳ್ಳು ಯೋಳಬಾರ್ದು. ಲೋಕಕ್ಕೆಲ್ಲ ಉಣ್ಣಕ್ಕಿಕ್ತಾಳೆ, ನನ್ನ ಮಾತ್ರ ಕೂರು ಅನ್ನಲಿಲ್ಲ. ಅದಕ್ಕೆ ಒಂದೇ."

ಓದಿ ಹೇಳಿದ್ದಕ್ಕೆ ನನಗೂ ಬೈಗುಳ ಬಿತ್ತು. ಇನ್ನೇನು, ಗೋಡೌನೇ ಗತಿ ಎಂದುಕೊಂಡೆವು.

ಆ ಭಾನುವಾರ ಮೈಸೂರಿನ ಒಂದು ಕಾರು ಬಂತು. ಇಳಿದವರು ಫೋನ್ ತೋರಿಸಿ, "ಬೈದು ಬಡಿಸೋ ಹೋಟ್ಲು ಇದೇನಾ?" ಎಂದರು. ಚಲುವಕ್ಕ ಬೈದಳು. ಅವರು ಖುಷಿಯಾಗಿ ಉಂಡರು. ಯಾರೋ ಆ ಬರಹವನ್ನು ಎಲ್ಲೆಲ್ಲಿಗೋ ಹಂಚಿದ್ದರಂತೆ. ಮುಂದಿನ ವಾರ ನಾಲ್ಕಾರು ಕಾರು, ಆಮೇಲೆ ರಸ್ತೆಯುದ್ದಕ್ಕೂ ಕಾರು. ಬೇರೆಬೇರೆ ಊರಿನವರ ಸ್ಟಾರುಗಳೂ ಬಂದವು, ಉಳಿದವು. ನನಗೂ ಪಂಕ್ಚರ್ ಸಿಕ್ಕಿತು. ಹಬ್ಬದ ಹಿಂದಿನ ದಿನ ಸಿಮೆಂಟಿನವರು ಜಾಗ ನೋಡಲು ಬಂದರೆ, ತಿಮ್ಮಯ್ಯನವರೇ ಕೂರಲು ಜಾಗವಿಲ್ಲದೆ ಬಾಗಿಲಲ್ಲಿ ನಿಂತಿದ್ದರು. ಬೇರೆ ಕಡೆ ನೋಡಿಕೊಳ್ಳಿ ಎಂದು ಅವರನ್ನು ಕಳಿಸಿಬಿಟ್ಟರು.

ಇಷ್ಟಾದರೂ ಚಲುವಕ್ಕನಿಗೆ ನೆಮ್ಮದಿಯಿಲ್ಲ. ಬಂದವರೆಲ್ಲ ಕೈ ತೊಳೆದು ಅದೊಂದೇ ಕೇಳುವುದು: "ಆಂಟಿ, ನಿಮ್ಮ ನಾದಿನೀನ ಮಾತಾಡಿಸಿದ್ರಾ?"

"ಊರ್ ಮುಂಡೇವಕ್ಕೆಲ್ಲ ನಮ್ಮನೆ ಸುದ್ದಿ ಬೇಕು" ಎಂದು ಸೌಟು ಎಸೆದವಳು, ಗೌರಿ ಹಬ್ಬದ ದಿನ ಬೆಳಿಗ್ಗೆ ನಾದಿನಿಗೆ ತವರಿನ ಬಾಗಿನದ ಮೊರ ಕಟ್ಟಿಕೊಂಡು ಬಂದು, "ಬೈಕ್ ತಗೀಲಾ, ಆತಗೂರಿಗೆ ಓಗವ" ಎಂದಳು.

ದೇವೀರಮ್ಮ ಜಗಲಿಯಲ್ಲಿ ಹುರುಳಿಕಾಳು ಆಯುತ್ತಿದ್ದಳು. ಚಲುವಕ್ಕ ಬಾಗಿನ ತಂದು ಮುಂದಿಟ್ಟರೂ ತಲೆ ಎತ್ತಲಿಲ್ಲ.

"ಏನತ್ಗೆ, ಸ್ಟಾರು ಜಾಸ್ತಿ ಮಾಡು ಅಂತ ಬಂದ್ಯಾ?"

"ನಿನ್ ಸ್ಟಾರು ನೀನೇ ಮಡಿಕ್ಕೊ. ನಿಮ್ಮಣ್ಣನ ತಿಥಿ ದಿನ ಯಾರು ಉಂಡ್ರು, ಯಾರು ಬುಟ್ರು ಅಂತ ನಂಗೆ ಗ್ಯಾನ ಇತ್ತೇನೆ?" ಎಂದಳು ಚಲುವಕ್ಕ. "ನಾನೂ ಉಂಡಿರ್ಲಿಲ್ಲ ಕಣೆ ಅವತ್ತು. ನನ್ನೂ ಯಾರೂ ಕೂರು ಅನ್ನಲಿಲ್ಲ."

ದೇವೀರಮ್ಮನ ಕೈ ನಿಂತಿತು. ಕಾಳಿನ ಮೊರ ಪಕ್ಕಕ್ಕಿಟ್ಟು ಒಳಗೆ ಹೋದಳು. ಅಳುತ್ತಿದ್ದಾಳೋ ಏನೋ ಎಂದು ನಾನು ಇಣುಕುವಷ್ಟರಲ್ಲಿ ತಟ್ಟೆ ಹಿಡಿದು ಬಂದಳು. ಬಿಸಿ ಮುದ್ದೆ, ಉಪ್ಸಾರು.

"ಕೂರು ಅತ್ಗೆ. ಉಣ್ಣು."

ಚಲುವಕ್ಕ ಕೂತಳು. ತುತ್ತು ಮುರಿಯುವ ಮೊದಲೇ ಕಣ್ಣೀರು ತಟ್ಟೆಗೆ ಬಿತ್ತು. ದೇವೀರಮ್ಮನೂ ಮೂಗು ಒರೆಸಿಕೊಂಡು ಫೋನ್ ತೆಗೆದಳು. "ತಡಿ, ಐದು ಮಾಡ್ಬುಡ್ತೀನಿ."

"ಮುಟ್ಟಬ್ಯಾಡ ಕಣೆ ಅದ್ನ!" ಬಾಯಲ್ಲಿ ತುತ್ತಿಟ್ಟುಕೊಂಡೇ ಚಲುವಕ್ಕ ಕಿರುಚಿದಳು. "ಆ ಒಂದ್ರಿಂದ್ಲೇ ಒಲೆ ಉರೀತಿರಾದು!"

ದೇವೀರಮ್ಮ ಫೋನ್ ಕೆಳಗಿಟ್ಟು ಒಳಗೆ ಹೋಗಿ ಇನ್ನೊಂದು ಮುದ್ದೆ ತಂದಳು. ಚಲುವಕ್ಕ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು ಬ್ಯಾಡ ಬ್ಯಾಡ ಎಂದಳು. ಆಮೇಲೆ ಅದನ್ನೂ ಉಂಡಳು.